ಸುಲೇಮಾನ ಮಳಖೇಡಕ್ಕೆ ಬಂದಿದ್ದನೇ?

ಗೂಗಲ್‌ನಲ್ಲಿ ‘ಚಂದಾಪುರ’ ಅಂತ ಹುಡುಕಿ ನೋಡಿ. ಮೊದಲು ಎದುರಾಗುವುದು ಹೊಸೂರು ರಸ್ತೆಯ ಚಂದಾಪುರ. ಎಲೆಕ್ಟ್ರಾನಿಕ್ ಸಿಟಿ ದಾಟಿದ ಮೇಲೆ ಸಿಗುವ, ಸೈಟು ಮತ್ತು ಟೂ ಬಿಎಚ್‌ಕೆ ಜಾಹೀರಾತುಗಳ ಚಂದಾಪುರ. ನಿಮ್ಮಲ್ಲಿ ಕೆಲವರು ಇದನ್ನು ಓದುತ್ತಿರುವುದು ಅಲ್ಲಿನ ಟ್ರಾಫಿಕ್‌ನಲ್ಲಿ ಕೂತೇ ಇರಬಹುದು. ನಾನು ಹೇಳಹೊರಟಿರುವುದು ಇನ್ನೊಂದು ಚಂದಾಪುರದ ಬಗ್ಗೆ. ಕಲಬುರಗಿ ಜಿಲ್ಲೆಯಲ್ಲಿ, ಚಿಂಚೋಳಿಗೆ ಅಂಟಿಕೊಂಡಿರುವ ಊರು. ಸುತ್ತ ತೊಗರಿ ಹೊಲ, ಅದರಾಚೆ ತಾಂಡಾಗಳು, ಮುಲ್ಲಾಮಾರಿ ನದಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಎಲ್ಲ ನಮ್ಮ ಬಸ್ ರೂಟಿನ ಹೆಸರುಗಳು.

ಊರಿಗೆ ಹೋದಾಗಲೆಲ್ಲ ಶನಿವಾರ ಶಾಲೆ ಬಿಟ್ಟ ಮೇಲೆ ಅಲ್ಲಿನ ಹೈಸ್ಕೂಲ್ ಮತ್ತು ಪಿಯುಸಿ ಮಕ್ಕಳ ಜೊತೆ ಒಂದೆರಡು ತಾಸು ಕೂರುತ್ತೇನೆ. ಕರೆದದ್ದು ಅಲ್ಲಿ ಮಾಸ್ತರನಾಗಿರುವ ಗೆಳೆಯ. ‘ಇವ್ರಿಗೆ ಇಂಟರ್ನೆಟ್ ಕಲಿಸೋದು ಬ್ಯಾಡ, ಅದು ನನಗಿಂತ ಚಲೋ ಬರ್ತದ. ಪ್ರಶ್ನೆ ಕೇಳೋದು ಕಲಿಸು’ ಅಂದ. ಸಲಕರಣೆ ಅಂದರೆ ಒಂದು ಲ್ಯಾಪ್‌ಟಾಪು, ನನ್ನ ಫೋನಿನ ಹಾಟ್‌ಸ್ಪಾಟು, ಒಂದು ಕರಿಹಲಗೆ.

ಪ್ರಾಜೆಕ್ಟ್ ಅನ್ನುವ ಪದ ನಮ್ಮ ಶಾಲೆಗಳಲ್ಲಿ ಏನಾಗಿದೆ ಅಂತ ನಿಮಗೆ ಗೊತ್ತಿದೆ. ‘ಮಳಖೇಡದ ಇತಿಹಾಸ’ ಅಂತ ಮಾಸ್ತರು ಹೇಳಿದರೆ, ಸಂಜೆ ಝೆರಾಕ್ಸ್ ಅಂಗಡಿಗೆ ಹೋಗಿ ‘ಮಳಖೇಡದ್ದು ಒಂದ್ ಕೊಡ್ರಿ’ ಅಂದರೆ ಸಾಕು, ಬಣ್ಣದ ಮುಖಪುಟದ ಸಮೇತ ಸಿಗುತ್ತೆ. ಮೂವತ್ತು ಮಕ್ಕಳದ್ದು ಒಂದೇ ಪ್ರಾಜೆಕ್ಟು. ಇದರಲ್ಲಿ ಮಕ್ಕಳ ತಪ್ಪು ಅರ್ಧ ಮಾತ್ರ. ‘ಮಳಖೇಡದ ಇತಿಹಾಸ’ ಅನ್ನುವುದು ಪ್ರಶ್ನೆಯೇ ಅಲ್ಲ, ಅದು ಶೀರ್ಷಿಕೆ. ಶೀರ್ಷಿಕೆ ಕೊಟ್ಟರೆ ನಕಲು ಬರುತ್ತೆ, ಯಾಕಂದರೆ ಅದರಲ್ಲಿ ಹುಡುಕೋದಕ್ಕೆ ಏನೂ ಇಲ್ಲ.

ಮಳಖೇಡ ಅಂದರೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿದೆ. ಈಗ ಒಡೆದ ಕೋಟೆ ಗೋಡೆ, ಒಂದು ಹಳೆಯ ಬಸದಿ, ಹತ್ತಿರದಲ್ಲೇ ಸಿಮೆಂಟ್ ಫ್ಯಾಕ್ಟರಿಯ ಚಿಮಣಿ. ಅದರ ಬಗ್ಗೆ ಏನು ಗೊತ್ತು ಅಂತ ಕೇಳಿದಾಗ ಒಬ್ಬ ಹುಡುಗ ಫೋನ್ ತೆಗೆದು ಓದಿದ. ಅರಬ್ ಪ್ರವಾಸಿ ಸುಲೇಮಾನ ಮಳಖೇಡಕ್ಕೆ ಭೇಟಿ ಕೊಟ್ಟು, ಅಮೋಘವರ್ಷ ನೃಪತುಂಗನನ್ನು ಜಗತ್ತಿನ ನಾಲ್ವರು ಶ್ರೇಷ್ಠ ಚಕ್ರವರ್ತಿಗಳಲ್ಲಿ ಒಬ್ಬ ಎಂದು ಹೊಗಳಿದ ಅನ್ನುವ ಸಾಲು. ಈ ಸಾಲು ನೀವೂ ಓದಿರುತ್ತೀರಿ. ನವೆಂಬರ್ ಒಂದಕ್ಕೆ ವಾಟ್ಸಾಪ್‌ನಲ್ಲಿ ಬರುತ್ತೆ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ ದಪ್ಪಕ್ಷರದಲ್ಲಿ ಇರುತ್ತೆ.

ಆ ಒಂದು ಸಾಲನ್ನು ಹಲಗೆ ಮೇಲೆ ಬರೆದು ಒಡೆಯೋಣ ಅಂದೆ. ಅದರೊಳಗೆ ಎಷ್ಟು ಮಾತು ಇವೆ? ಮಕ್ಕಳೇ ಎಣಿಸಿದರು. ಸುಲೇಮಾನ ಅನ್ನುವವನೊಬ್ಬ ಬರೆದ. ಅವನು ಮಳಖೇಡಕ್ಕೆ ಬಂದಿದ್ದ. ಅಮೋಘವರ್ಷನ ಹೆಸರು ಹೇಳಿದ. ನಾಲ್ವರಲ್ಲಿ ಒಬ್ಬ ಅಂದ. ನಾಲ್ಕು ಬೇರೆ ಬೇರೆ ಮಾತು. ಒಂದು ನಿಜವಾಗಿ ಇನ್ನೊಂದು ಸುಳ್ಳಾಗಿರಬಹುದು. ಇಷ್ಟಾದ ಮೇಲೆ ನಾನು ಹಲಗೆ ಮೇಲೆ ಬರೆದ ಪ್ರಶ್ನೆ ಒಂದೇ: ಈ ಮಾತು ಎಲ್ಲಕ್ಕಿಂತ ಮೊದಲು ಎಲ್ಲಿ ಬರೆದಿದೆ, ಅಲ್ಲಿ ನಿಜಕ್ಕೂ ಏನಿದೆ?

ಈ ಪ್ರಶ್ನೆ ಯಾಕೆ ಒಳ್ಳೆಯದು ಅಂದರೆ, ಇದಕ್ಕೆ ‘ಇಲ್ಲ’ ಅನ್ನುವ ಉತ್ತರವೂ ಬರಬಹುದು. ‘ಅಮೋಘವರ್ಷ ಯಾಕೆ ಶ್ರೇಷ್ಠ?’ ಅಂತ ಕೇಳಿದರೆ ಉತ್ತರ ಮೊದಲೇ ಒಳಗೆ ಕೂತಿರುತ್ತೆ. ಹುಡುಕೋದು ಬರೀ ಅಲಂಕಾರ.

ಹುಡುಕಾಟ ಎರಡು ಶನಿವಾರ ತಗೊಂಡಿತು. ಮೊದಲ ದಿನ ಹತ್ತಾರು ಪುಟ ತೆರೆದೆವು. ಎಲ್ಲ ಕಡೆ ಅದೇ ಸಾಲು. ಹತ್ತು ಕಡೆ ಇದ್ದರೆ ಹತ್ತು ಸಾಕ್ಷಿ ಅಂತ ಮಕ್ಕಳು ಮೊದಲು ಎಣಿಸಿದರು. ಆಮೇಲೆ ಒಬ್ಬಳು ಹುಡುಗಿ ಎರಡು ಪುಟ ಪಕ್ಕಪಕ್ಕ ಇಟ್ಟು, ‘ಸರ್, ಇದ್ರಾಗಿನ ಕಾಗುಣಿತ ತಪ್ಪೂ ಅದ್ರಾಗೂ ಅದರಿ’ ಅಂದಳು. ಒಂದೇ ಊರಿನ ಗಾಳಿಮಾತು ಹತ್ತು ಬಾಯಲ್ಲಿ ಬಂದ ಹಾಗೆ. ಆ ದಿನ ನಾನು ಕಲಿಸಬೇಕಾದ್ದು ಇನ್ನೇನೂ ಉಳಿದಿರಲಿಲ್ಲ.

ಎರಡನೇ ಸಲ ಎಳೆ ಹಿಡಿದು ಹಿಂದಕ್ಕೆ ಹೋದೆವು. ಗೈಡು, ಅದಕ್ಕೂ ಹಿಂದೆ ಇತಿಹಾಸದ ಪುಸ್ತಕಗಳು, ಅವುಗಳ ಹಿಂದೆ ಆಲ್ಟೇಕರ್ ಅವರ 1934ರ ರಾಷ್ಟ್ರಕೂಟರ ಮೇಲಿನ ಗ್ರಂಥ, ಅದಕ್ಕೂ ಹಿಂದೆ ಎಲಿಯಟ್ ಮತ್ತು ಡೌಸನ್ 1867ರಲ್ಲಿ ಹೊರತಂದ ಇಂಗ್ಲಿಷ್ ಸಂಪುಟ. ಈ ಹಳೆಯ ಸಂಪುಟಗಳು ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಇಂಟರ್ನೆಟ್ಟನ್ನು ಬೈಯುವವರು ಇದನ್ನು ಮರೆಯಬಾರದು. ನಾನು ಓದುವಾಗ ಇಂಥ ಪುಸ್ತಕ ನೋಡಬೇಕು ಅಂದರೆ ಹೈದರಾಬಾದಿಗೋ ಬೆಂಗಳೂರಿಗೋ ರೈಲು ಹತ್ತಬೇಕಿತ್ತು. ಈಗ ಚಂದಾಪುರದ ಹುಡುಗಿ ಎಲಿಯಟ್ಟನ ಪುಟ ತಿರುವಬಲ್ಲಳು. ತಿರುವಬೇಕು ಅಂತ ಅನ್ನಿಸುವ ಪ್ರಶ್ನೆ ಅವಳ ಹತ್ತಿರ ಇರಬೇಕು, ಅಷ್ಟೆ.

ಎಳೆಯ ಕೊನೆಯಲ್ಲಿ ಸಿಕ್ಕಿದ್ದು ಒಂದು ಅರಬ್ಬಿ ಪುಸ್ತಕ. ಹಿಜರಿ 237, ಅಂದರೆ ಕ್ರಿ.ಶ. 851ರ ಸುಮಾರಿನದು. ಚೀನಾ ಮತ್ತು ಭಾರತದ ಸಮಾಚಾರ ಅಂತ ಹೇಳಬಹುದಾದ ಪುಸ್ತಕ. ಅದರ ಹಸ್ತಪ್ರತಿ ಪ್ಯಾರಿಸ್ಸಿನಲ್ಲಿದೆ. 1718ರಲ್ಲಿ ರೆನೊದೊ ಅನ್ನುವ ಪಾದ್ರಿ ಅದನ್ನು ಫ್ರೆಂಚಿಗೆ ತಂದ. 2014ರಲ್ಲಿ ಟಿಮ್ ಮ್ಯಾಕಿಂಟಾಷ್-ಸ್ಮಿತ್ ಹೊಸ ಇಂಗ್ಲಿಷ್ ಅನುವಾದ ಮಾಡಿದ್ದಾರೆ. ಹಲಗೆ ಮೇಲಿನ ನಾಲ್ಕು ಮಾತನ್ನು ಇದರ ಎದುರಿಗಿಟ್ಟು ನೋಡಿದೆವು.

ಸುಲೇಮಾನ ಬರೆದನೇ? ಪುಸ್ತಕಕ್ಕೆ ಕರ್ತೃವಿನ ಹೆಸರಿಲ್ಲ. ಸಮುದ್ರ ವ್ಯಾಪಾರಿಗಳು ಹೇಳಿದ್ದನ್ನು ಯಾರೋ ಒಟ್ಟು ಮಾಡಿದ್ದು. ವ್ಯಾಪಾರಿ ಸುಲೇಮಾನ ಅನ್ನುವ ಹೆಸರು ಬರುವುದು ಚೀನಾದ ಖಾನ್‌ಫು ಬಂದರಿನ, ಅಂದರೆ ಈಗಿನ ಗುವಾಂಗ್‌ಝೌವಿನ ಸುದ್ದಿ ಹೇಳುವಾಗ. ಅದರ ಆಧಾರದ ಮೇಲೆ ಹಿಂದಿನವರು ಇಡೀ ಪುಸ್ತಕಕ್ಕೇ ಅವನ ಹೆಸರು ಅಂಟಿಸಿದರು. ಮಳಖೇಡಕ್ಕೆ ಬಂದನೇ? ಬಂದ ಅಂತ ಪುಸ್ತಕ ಎಲ್ಲೂ ಹೇಳುವುದಿಲ್ಲ. ಆ ರಾಜ್ಯ ಸಮುದ್ರದ ಕಡೆಯಿಂದ ಕೊಂಕಣದಲ್ಲಿ ಶುರುವಾಗುತ್ತೆ ಅನ್ನುತ್ತೆ, ಹಡಗಿನವರು ದಡದಿಂದ ನೋಡಿದ ಹಾಗೆ. ರಾಜಧಾನಿ ‘ಮಾಂಕೀರ್’ ಅಂತ ಹೆಸರಿಟ್ಟು ಹೇಳುವವನು ಅಲ್ ಮಸೂದಿ. ಅದು ಸುಮಾರು ನೂರು ವರ್ಷ ಆಮೇಲೆ, ಹತ್ತನೇ ಶತಮಾನದಲ್ಲಿ. ಅಮೋಘವರ್ಷನ ಹೆಸರು? ಇಲ್ಲ. ಇರುವುದು ‘ಬಲ್ಹರಾ’. ಅದೂ ವ್ಯಕ್ತಿಯ ಹೆಸರಲ್ಲ, ಪರ್ಷಿಯಾದ ದೊರೆಗಳನ್ನೆಲ್ಲ ಕಿಸ್ರಾ ಅನ್ನುವ ಹಾಗೆ ಇದು ಬಿರುದು ಅಂತ ಪುಸ್ತಕವೇ ತಿಳಿಸುತ್ತೆ.

ಇನ್ನು ನಾಲ್ವರು ರಾಜರು. ಇದು ಇದೆ! ಭಾರತದವರೂ ಚೀನಾದವರೂ ಒಪ್ಪುತ್ತಾರೆ, ಲೋಕದ ದೊಡ್ಡ ದೊರೆಗಳು ನಾಲ್ವರು ಅಂತ. ಮೊದಲನೆಯವನು ಅರಬರ ದೊರೆ, ಎರಡನೆಯವನು ಚೀನಾದವನು, ಮೂರನೆಯವನು ರೋಮಿನವನು (ಆಗಿನ ಲೆಕ್ಕದಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಚಕ್ರವರ್ತಿ), ನಾಲ್ಕನೆಯವನು ಬಲ್ಹರಾ, ಕಿವಿ ಚುಚ್ಚಿಸಿಕೊಂಡವರ ದೊರೆ.

ಕಿವಿ ಚುಚ್ಚಿಸಿಕೊಂಡವರು ಅಂದ ಕೂಡಲೇ ಕೋಣೆಯಲ್ಲಿ ಅರ್ಧ ಮಕ್ಕಳ ಕೈ ಕಿವಿಗೆ ಹೋಯಿತು. ‘ನಮ್ಮ ಹಂಗ!’ ಅಂದ ಒಬ್ಬ. ಇನ್ನೊಬ್ಬ ಬೇರೆಯದೇ ಕೇಳಿದ. ‘ಸರ್, ಬರದಾಂವ ಅರಬ, ತನ್ನ ರಾಜನ್ನೇ ಮೊದಲ ನಂಬರ ಇಟ್ಟಾನಲ್ರಿ. ಅದಕ್ಕ ಹಿಂದೂಸ್ತಾನದವ್ರು, ಚೀನಾದವ್ರು ಒಪ್ಪಿದ್ರಂತ ಇವನಿಗೆ ಹ್ಯಾಂಗ ಗೊತ್ತಾತ್ರಿ?’ ಹದಿನೈದು ವರ್ಷದ ಹುಡುಗ. ಇತಿಹಾಸದ ವಿಭಾಗಗಳಲ್ಲಿ ಇದಕ್ಕೆ ಆಕರ ವಿಮರ್ಶೆ ಅಂತ ದೊಡ್ಡ ಹೆಸರಿದೆ.

ಹಾಗಾದರೆ ಬಲ್ಹರಾ ನಮ್ಮವನೇ ಅಂತ ಹೇಗೆ ಗೊತ್ತು? ಈ ಕತೆ ನನಗೆ ಎಲ್ಲಕ್ಕಿಂತ ಇಷ್ಟ. ಎಲಿಯಟ್ ಕಾಲದಲ್ಲಿ ವಿದ್ವಾಂಸರು ಇವನನ್ನು ಗುಜರಾತಿನ ವಲಭಿಯ ಅರಸ ಅಂತ ತಿಳಿದಿದ್ದರು. ವಲಭಿ, ಬಲ್ಹರಾ, ಉಚ್ಚಾರ ಹತ್ತಿರ ಇದೆಯಲ್ಲ. ಆದರೆ ವಲಭಿಯ ಮೈತ್ರಕರು ಎಂಟನೇ ಶತಮಾನ ಮುಗಿಯುವ ಹೊತ್ತಿಗೇ ಹೋಗಿಬಿಟ್ಟಿದ್ದರು. 851ರಲ್ಲಿ ಅವರೆಲ್ಲಿ? ರಾಮಕೃಷ್ಣ ಗೋಪಾಲ ಭಂಡಾರಕರರು 1884ರ ತಮ್ಮ ದಖ್ಖನಿನ ಇತಿಹಾಸದಲ್ಲಿ ಇದನ್ನು ಬೇರೆ ಕಡೆಯಿಂದ ನೋಡಿದರು. ರಾಷ್ಟ್ರಕೂಟರು ‘ವಲ್ಲಭ’ ಅನ್ನುವ ಬಿರುದು ಹೊತ್ತವರು. ವಲ್ಲಭರಾಜ ಪ್ರಾಕೃತದ ಬಾಯಲ್ಲಿ ಸವೆದು ಅರಬ್ಬಿಗೆ ಹೋದರೆ ಬಲ್ಹರಾ. ಮಾನ್ಯಖೇಟ ಸವೆದರೆ ಮಾಂಕೀರ್. ಅಲ್ಲಿಗೆ ಬಲ್ಹರಾ ಗುಜರಾತಿನಿಂದ ಕಾಗಿಣಾ ದಂಡೆಗೆ ಬಂದ. 851ರಲ್ಲಿ ಆಳುತ್ತಿದ್ದವನು ಅಮೋಘವರ್ಷ, ಕ್ರಿ.ಶ. 814ರಿಂದ 878ರವರೆಗೆ. ಬಲ್ಹರಾಗಳು ಬಹಳ ಕಾಲ ಆಳುತ್ತಾರೆ, ಐವತ್ತು ವರ್ಷ ಆಳಿದವರೂ ಉಂಟು ಅನ್ನುವ ಧಾಟಿಯ ಮಾತೂ ಆ ಪುಸ್ತಕದಲ್ಲಿದೆ. ಅರವತ್ತು ದಾಟಿ ಆಳಿದ ನಮ್ಮವನಿಗೆ ಚೆನ್ನಾಗಿ ಹೊಂದುತ್ತೆ.

ಅಂದರೆ ಫಾರ್ವರ್ಡಿನ ಸಾಲು ಪೂರ್ತಿ ಸುಳ್ಳಲ್ಲ. ಒಂದು ಮಾತು ಬರೆದದ್ದು, ಒಂದು ಊಹಿಸಿದ್ದು (ಒಳ್ಳೆಯ ಊಹೆ), ಎರಡು ಅಂಟಿಸಿದ್ದು. ಹಲಗೆಯ ಮೇಲೆ ಮೂರು ಬಣ್ಣದ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು.

ಆಗ ಕೋಣೆ ಸ್ವಲ್ಪ ಮಂಕಾಯಿತು. ಅದನ್ನು ಹೇಳದೆ ಹೋದರೆ ಪೂರ್ತಿ ಹೇಳಿದ ಹಾಗಾಗುವುದಿಲ್ಲ. ನಮ್ಮ ಕಡೆಯ ಮಕ್ಕಳು ತಮ್ಮ ಜಿಲ್ಲೆಯ ಹೆಸರನ್ನು ‘ಹಿಂದುಳಿದ’ ಅನ್ನುವ ವಿಶೇಷಣದ ಜೊತೆಗೇ ಕೇಳಿ ಬೆಳೆದವರು. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯನ್ನು ಕೆಳಗಿನಿಂದ ಓದುವುದು ಅವರಿಗೆ ಅಭ್ಯಾಸ. ಸಂವಿಧಾನದ 371(ಜೆ) ತಿದ್ದುಪಡಿಯ ಮೀಸಲಾತಿಯೂ ಅದೇ ಲೆಕ್ಕದ ಮೇಲೆ ಬಂದದ್ದು. ಅವರ ಕೈಲಿದ್ದ ಒಂದೇ ಹೊಗಳಿಕೆ ಇದು, ಅರಬ ಒಬ್ಬ ಅಷ್ಟು ದೂರದಿಂದ ಬಂದು ನಮ್ಮೂರ ರಾಜನ್ನ ನೋಡಿ ಹೊಗಳಿದ ಅನ್ನೋದು. ನಾನು ಬೆಂಗಳೂರಿನಿಂದ ಬಂದು ಅದನ್ನೇ ಕಿತ್ತುಕೊಂಡ ಹಾಗಾಯಿತು.

ಆದರೆ ಕೈಗೆ ಬಂದದ್ದು ಕಡಿಮೆಯದೇನಲ್ಲ ಅಂತ ನನ್ನ ನಂಬಿಕೆ. ಮಳಖೇಡವನ್ನು ನೋಡದೇ ಇದ್ದವರಿಗೂ, ಸಾವಿರಾರು ಮೈಲಿ ದೂರದ ಬಂದರುಗಳಲ್ಲಿ ಕೂತ ವ್ಯಾಪಾರಿಗಳಿಗೂ ಈ ದೊರೆಯ ಸುದ್ದಿ ಮುಟ್ಟಿತ್ತು. ಬಂದು ಊಟ ಮಾಡಿ ಹೊಗಳಿ ಹೋದ ಅತಿಥಿಗಿಂತ, ನೋಡದವನ ಕಿವಿಗೂ ಬಿದ್ದ ಹೆಸರು ದೊಡ್ಡದು. ಇದನ್ನು ಹೇಳಿದೆ. ಕೆಲವರು ಒಪ್ಪಿದರು. ಒಬ್ಬ ಹುಡುಗ ಮಾತ್ರ ಬಿಡಲಿಲ್ಲ. ‘ಅದೆಲ್ಲ ಖರೇರಿ ಸರ್. ಪರೀಕ್ಷಾದಾಗ ಏನ್ ಬರೀಬೇಕ್ರಿ?’

ಒಂದು ಅಂಕದ ಪ್ರಶ್ನೆಯಲ್ಲಿ ಮೂರು ಬಣ್ಣದ ಸೀಮೆಸುಣ್ಣಕ್ಕೆ ಜಾಗ ಇಲ್ಲ. ತಿದ್ದುವವರ ಕೈಯಲ್ಲಿ ಕೀ ಆನ್ಸರ್ ಇರುತ್ತೆ. ಒಂದು ಅಂಕಕ್ಕೆ ಪುಸ್ತಕದಲ್ಲಿರುವುದನ್ನು ಬರಿ, ನಾಲ್ಕು ಅಂಕಕ್ಕೆ ಬಂದರೆ ಪುಸ್ತಕದ್ದನ್ನು ಬರೆದು ಕೆಳಗೆ ಇನ್ನೊಂದು ಸಾಲು ಸೇರಿಸು ಅಂದೆ. ಇದು ತೃಪ್ತಿಯ ಉತ್ತರವಲ್ಲ ಅಂತ ಅವನ ಮುಖವೇ ಹೇಳಿತು. ಅಧ್ಯಾಪಕರನ್ನು ತರಬೇತಿ ಮಾಡುವವರು, ಪ್ರಶ್ನೆಪತ್ರಿಕೆ ತೆಗೆಯುವವರು ಉತ್ತರಿಸಬೇಕಾದ ಪ್ರಶ್ನೆ ಅದು.

ಕವಿರಾಜಮಾರ್ಗದ್ದೂ ಇದೇ ಪಾಡು. ನೃಪತುಂಗ ಬರೆದ ಅಂತ ಒಂದು ಪುಟ, ಶ್ರೀವಿಜಯ ಬರೆದ ಅಂತ ಇನ್ನೊಂದು. ಮಕ್ಕಳು ಮೊದಲು ಕೇಳುವುದು ‘ಯಾವ್ದು ಕರೆಕ್ಟ್ ರೀ?’ ಸ್ವಲ್ಪ ತಿರುಗಿಸಿ ‘ಎರಡು ಅಭಿಪ್ರಾಯ ಯಾಕೆ ಬಂತು?’ ಅಂತ ಕೇಳಿದರೆ ಬಾಗಿಲು ತೆರೆಯುತ್ತೆ. ಗ್ರಂಥವನ್ನು ಮೊದಲು ಅಚ್ಚಿಗೆ ತಂದವರು ಕೆ.ಬಿ. ಪಾಠಕ್, 1898ರಲ್ಲಿ. ಅವರು ಅದನ್ನು ನೃಪತುಂಗನದೇ ಅಂತ ತಿಳಿದರು. ಆಮೇಲಿನವರು ಗ್ರಂಥದೊಳಗೇ ಇರುವ ‘ನೃಪತುಂಗನ ಅನುಮತಿ ಪಡೆದದ್ದು’ ಅನ್ನುವ ಅರ್ಥದ ಮಾತಿನ ಮೇಲೆ ಬೆರಳಿಟ್ಟರು. ತಾನೇ ಬರೆದದ್ದಕ್ಕೆ ತಾನೇ ಅನುಮತಿ ಕೊಟ್ಟುಕೊಳ್ಳುವುದು ಯಾಕೆ? ಅಲ್ಲಿಂದ ಆಸ್ಥಾನದ ಶ್ರೀವಿಜಯ ಮುಂದೆ ಬಂದ. ಆಫೀಸಿನಲ್ಲಿ ಬಾಸ್ ಹೆಸರಲ್ಲಿ ಹೋಗುವ ಇಮೇಲು ಯಾರು ಬರೆದದ್ದು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಇದೆಲ್ಲ ಕೇಳಿದ ಬೆಂಗಳೂರಿನ ಗೆಳೆಯರು ಒಂದು ಮಾತು ಅನ್ನುತ್ತಾರೆ. ಸುಲೇಮಾನ ಬಂದರೇನು, ಬಿಟ್ಟರೇನು? ಸಾವಿರದ ಇನ್ನೂರು ವರ್ಷದ ಹಿಂದಿನ ಮಾತು, ಯಾರಿಗೂ ನಷ್ಟ ಇಲ್ಲ.

2018ರ ಜುಲೈನಲ್ಲಿ, ನಮ್ಮ ಪಕ್ಕದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಗೆಳೆಯರ ಜೊತೆ ಬಂದಿದ್ದ ಒಬ್ಬ ಯುವ ಎಂಜಿನಿಯರನ್ನು ಜನ ಹೊಡೆದು ಕೊಂದರು. ಅವರ ಗುಂಪು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತ್ತು. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸುದ್ದಿ ಆ ತಿಂಗಳುಗಳಲ್ಲಿ ಫೋನಿನಿಂದ ಫೋನಿಗೆ ಓಡುತ್ತಿತ್ತು. ಕಾರು ಓಡುವುದಕ್ಕಿಂತ ಜೋರಾಗಿ ಮೆಸೇಜು ಮುಂದಿನ ಊರು ಮುಟ್ಟಿತು, ದಾರಿಗೆ ಅಡ್ಡ ಕಟ್ಟಿದರು. ಒಂದು ವಾರದೊಳಗೆ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್ ಅನ್ನುವ ಮಿತಿ ಪ್ರಕಟಿಸಿತು. ಈ ಐದರ ಮಿತಿ ಎಲ್ಲಿಂದ ಬಂತು ಅಂತ ಈಗಿನ ಮಕ್ಕಳಿಗೆ ಗೊತ್ತಿಲ್ಲ. ಹೇಳಿದೆ.

ಸುಲೇಮಾನನ ಸಾಲಿಗೆ ಕೇಳಿದ ಪ್ರಶ್ನೆಗಳನ್ನೇ ಆ ಮೆಸೇಜಿಗೂ ಕೇಳಿ ನೋಡಿರಿ ಅಂದೆ. ಯಾರು ನೋಡಿದ್ದು? ಎಲ್ಲಿ? ಯಾವತ್ತು? ಮೊದಲು ಯಾರು ಬರೆದದ್ದು? ಯಾವ ಊರಿನ ಯಾವ ಮಗು ಕಾಣೆಯಾಗಿದೆ? ಯಾರೂ ಮಾತಾಡಲಿಲ್ಲ. ಪಾಠ ಮುಗಿದ ಮೇಲೆ ಹುಡುಗಿಯೊಬ್ಬಳು ಬಂದು, ತಮ್ಮ ಮನೆಯ ಗ್ರೂಪಿನಲ್ಲೂ ಅಂಥದ್ದು ಬಂದಿತ್ತು, ಕಾಕಾ ಕಳಿಸಿದ್ದರು, ದೊಡ್ಡವರು ಕಳಿಸಿದ್ದಕ್ಕೆ ‘ಎಲ್ಲಿಂದ ಬಂತ್ರಿ?’ ಅಂತ ಹ್ಯಾಂಗ ಕೇಳೋದು ಅಂದಳು. ಇಂಟರ್ನೆಟ್ ಜವಾಬ್ದಾರಿ ಬಗ್ಗೆ ಬರುವ ಕೈಪಿಡಿಗಳಲ್ಲಿ ಪಾಸ್‌ವರ್ಡಿನ ಮಾತು ಇರುತ್ತೆ, ಕಾಕಾನ ಮಾತು ಇರುವುದಿಲ್ಲ. ತಪ್ಪು ಅಂತ ಅನ್ನಬೇಡ, ‘ಕಾಕಾ, ಇದು ಯಾವ ಊರಾಗ ಆಗಿದ್ದು?’ ಅಂತ ಕೇಳು ಅಂದೆ. ಊರಿನ ಹೆಸರು ಕೇಳುವುದರಲ್ಲಿ ಅಗೌರವ ಇಲ್ಲ.

ಈಗ ಚಾಟ್‌ಬಾಟ್‌ಗಳು ಬಂದಿವೆ. ಅವು ಇಲ್ಲದ ಪುಸ್ತಕಕ್ಕೆ ಪುಟಸಂಖ್ಯೆಯನ್ನೂ ಕೊಡಬಲ್ಲವು, ಅದೂ ಬಹಳ ವಿನಯದಿಂದ. ನಾನು ಬೇಡ ಅನ್ನುವುದಿಲ್ಲ. ಅದು ಹೇಳಿದ ಪುಸ್ತಕವನ್ನು ತೆರೆದು ಆ ಪುಟ ತೋರಿಸಿದರೆ ಮಾತ್ರ ಲೆಕ್ಕಕ್ಕೆ ತಗೊಳ್ಳೋದು ಅನ್ನುವುದೊಂದೇ ನಮ್ಮ ಶನಿವಾರದ ಕಾನೂನು.

ಪ್ರಶ್ನೆಗೆ ಮೊದಲ ಉತ್ತರ ತಪ್ಪಾದರೆ ಹೆದರಬೇಕಿಲ್ಲ ಅನ್ನುವುದಕ್ಕೆ ಉದಾಹರಣೆಯೂ ನಮ್ಮ ಪಕ್ಕದಲ್ಲೇ ಇದೆ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿ ಓದಿದಾಗ ಶಾಸನಗಳಲ್ಲಿ ಸಿಕ್ಕ ‘ದೇವಾನಾಂಪಿಯ ಪಿಯದಸಿ’ ಯಾರು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಅವನು ಮೊದಲು ಸಿಂಹಳದ ರಾಜ ಅಂದ. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಪಾಲಿ ಗ್ರಂಥ ನೋಡಿ ಇಲ್ಲ, ಇವನು ಅಶೋಕ ಅಂದ. ಕಲ್ಲಿನ ಮೇಲೆ ಅಶೋಕ ಅನ್ನುವ ಹೆಸರೇ ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಎಪ್ಪತ್ತೆಂಟು ವರ್ಷ ಆಮೇಲೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1980ರ ದಶಕದಲ್ಲಿ ಕಾಳಿ ಗುಡಿಯ ಮಾಡು ಕುಸಿದಾಗ, ವಿಗ್ರಹದ ಪೀಠವಾಗಿದ್ದ ಚಪ್ಪಡಿಯೇ ಅಶೋಕನ ಶಾಸನ ಅಂತ ಕಂಡಿತು. ಹತ್ತಿರದ ಕನಗನಹಳ್ಳಿಯ ಉತ್ಖನನದಲ್ಲಿ ರಾಜ ರಾಣಿಯರ ಉಬ್ಬುಚಿತ್ರದ ಪಕ್ಕ ‘ರಾಯೊ ಅಸೋಕೊ’ ಅಂತ ಕೆತ್ತಿದ್ದು ಸಿಕ್ಕಿತು. ಜನ ಎಷ್ಟು ತಲೆಮಾರು ಆ ಚಪ್ಪಡಿಗೆ ಕುಂಕುಮ ಇಟ್ಟರೋ. ಅದರ ಮೇಲೇನು ಬರೆದಿದೆ ಅಂತ ಕೇಳುವುದಕ್ಕೆ ಮಾಡು ಬೀಳಬೇಕಾಯಿತು.

ಈಗ ಮಕ್ಕಳು ತಮ್ಮದೇ ಪ್ರಶ್ನೆ ತರುತ್ತಾರೆ. ಚೀಟಿಯ ಮೇಲೆ ಪ್ರಶ್ನೆ, ಕೆಳಗೆ ಇನ್ನೊಂದು ಸಾಲು: ಇದಕ್ಕೆ ಯಾವ ಕಲ್ಲು, ಯಾವ ಕಾಗದ, ಯಾವ ಮನುಷ್ಯ ಉತ್ತರ ಹೇಳಬಹುದು? ಹೋದ ಸಲದ ಚೀಟಿಗಳಲ್ಲಿ ಒಂದು ತಾಂಡಾದ ಹುಡುಗಿಯದು. ‘ನಮ್ಮ ತಾಂಡಾ ಇಲ್ಲಿಗೆ ಯಾವಾಗ ಬಂತು?’ ಗೂಗಲ್‌ನಲ್ಲಿ ಅವರ ತಾಂಡಾ ನಕ್ಷೆಯ ಮೇಲಿನ ಒಂದು ಚುಕ್ಕೆ, ಅಷ್ಟೇ. ಲಂಬಾಣಿಗಳು ಮೊಘಲ್ ಸೈನ್ಯಕ್ಕೆ ಧಾನ್ಯ ಹೊತ್ತು ದಖ್ಖನಿಗೆ ಬಂದರು ಅನ್ನುವ ಸಾಲು ಎಲ್ಲ ಕಡೆ ಇದೆ. ಅದು ಇಡೀ ಸಮುದಾಯದ ಮಾತು, ಅವಳ ತಾಂಡಾದ್ದಲ್ಲ. ಅಜ್ಜಿಯನ್ನು ಕೇಳಿದಳಂತೆ. ರಜಾಕಾರರ ಹಾವಳಿ ಹೊತ್ತಿಗೆ ತಾಂಡಾ ಇತ್ತು, ಅಲ್ಲಿಂದಲೇ ಗುಡ್ಡಕ್ಕೆ ಓಡಿದ್ದು ಅಂದರಂತೆ. ಹಾಗಾದರೆ 1948ಕ್ಕೆ ಮೊದಲು. ಎಷ್ಟು ಮೊದಲು?

ಆಗಿನ ಜಮೀನಿನ ಕಾಗದಗಳು ನಿಜಾಮನ ಕಾಲದವು, ಉರ್ದುವಿನಲ್ಲಿ ಇವೆ. ಅವಳ ಮನೆಯಲ್ಲಿ ಒಂದು ತಗಡಿನ ಪೆಟ್ಟಿಗೆಯಲ್ಲಿ ಅಂಥ ಎರಡು ಹಾಳೆ ಇವೆ. ಅಪ್ಪನಿಗೂ ಓದಲು ಬರುವುದಿಲ್ಲ, ಯಾರೂ ಬಿಸಾಕಿಲ್ಲ. ಫೋನಿನ ಅನುವಾದದ ಆ್ಯಪು ಆ ಕೈಬರಹದ ಎದುರು ಸೋತಿತು. ಚಂದಾಪುರದಲ್ಲಿ ನಿವೃತ್ತರಾದ ಒಬ್ಬರು ಉರ್ದು ಮಾಸ್ತರು ಇದ್ದಾರೆ. ಬರುವ ಶನಿವಾರ ಹಾಳೆ ತಗೊಂಡು ಅವರ ಮನೆಗೆ ಹೋಗಬೇಕು ಅಂತ ಆಗಿದೆ. ಫೋಟೋ ತೆಗೆದು ಗ್ರೂಪಿಗೆ ಹಾಕಲೇನು ಅಂತ ಒಬ್ಬ ಕೇಳಿದ್ದಕ್ಕೆ ಅವಳು ಬೇಡ ಅಂದಳು. ಹೊಲದ ಕಾಗದ, ಮೊದಲು ಅದರಾಗ ಏನದ ನೋಡೋಣು ಅಂದಳು.